ಕಾಗಿಣಾ ದಂಡೆಯ ನಾಲ್ಕು ಕಿಟಕಿಗಳು

ನಡೆದದ್ದು ಇಷ್ಟೇ. ನಾವು ಸಮುದ್ರದ ದಂಡೆಯ ಮನೆಯೊಂದನ್ನು ತಂದು ಕಾಗಿಣಾ ಹೊಳೆಯ ದಂಡೆಗೆ ಕಟ್ಟಿದೆವು, ಸಮುದ್ರವನ್ನು ಮಾತ್ರ ತರಲಿಲ್ಲ. ಊರವರು ಇದಕ್ಕೆ ಬೇರೆ ಬೇರೆ ಕತೆ ಹೇಳುತ್ತಾರೆ. ಹೊಳೆ ಮುನಿಯಿತು ಅನ್ನುವವರಿದ್ದಾರೆ, ಅತ್ತೆಯ ಬಾಯಿ ತಾಗಿತು ಅನ್ನುವವರಿದ್ದಾರೆ, ಪಾಯ ಹಾಕಿದ ಮುಹೂರ್ತವೇ ಸರಿ ಇರಲಿಲ್ಲ ಎಂದು ಬೆರಳು ಮಡಚಿ ಲೆಕ್ಕ ಹಾಕುವವರೂ ಇದ್ದಾರೆ. ಮುಹೂರ್ತ ಚೆನ್ನಾಗಿಯೇ ಇತ್ತು. ಅತ್ತೆಯ ಬಾಯಿ ಜೋರು ನಿಜ, ಆದರೆ ಯಾರ ಬಾಯಿಂದಲೂ ಮನೆಯ ಮಾಡು ಕಾದು ಸುಡುವುದಿಲ್ಲ. ತಪ್ಪು ಮಾಡಿದವರು ನನ್ನ ಗಂಡ, ಹೂಂ ಅಂದವಳು ನಾನು. ಮೂರನೆಯವರು ಯಾರೂ ಇಲ್ಲ.

ನಿಜಾಮರ ರಾಜ್ಯ ಇನ್ನೂ ಗಟ್ಟಿಯಾಗಿದ್ದ ಕಾಲ. ನನ್ನ ಗಂಡ ಫರಸಿ ಹಾಸುವ ಕೆಲಸದವರು. ಶಹಾಬಾದ, ವಾಡಿ, ರಾವೂರ ಕಡೆ ನೆಲದಿಂದ ಹಾಳೆ ಹಾಳೆಯಾಗಿ ಏಳುವ ಕಲ್ಲನ್ನು ಉಳಿಯಿಂದ ಚೌಕ ಮಾಡಿ, ಮಗ್ಗುಲಿಗೆ ಮಗ್ಗುಲು ಕೂಡಿಸಿ ನೆಲ ಮಾಡುವುದು. ಆ ಕೆಲಸದವರಿಗೆ ಒಂದು ಚಾಳಿ ಇರುತ್ತದೆ. ಯಾವ ಮನೆಯನ್ನೂ ಅವರು ಮನೆ ಎಂದು ನೆನಪಿಡುವುದಿಲ್ಲ, ಕಲ್ಲಿನ ಲೆಕ್ಕದಲ್ಲಿ ನೆನಪಿಡುತ್ತಾರೆ. ಅಡಿಗೆಮನೆ ಎಂಟು ಕಲ್ಲು ಉದ್ದ, ಆರು ಕಲ್ಲು ಅಗಲ, ಹೊಸ್ತಿಲ ಹತ್ತಿರ ಅರ್ಧ ಕಲ್ಲು, ಹೀಗೆ. ಕುರಕುಂಟಾದ ನಮ್ಮ ತವರುಮನೆಯ ಅಂಗಳದಲ್ಲಿ ನಮ್ಮ ಮದುವೆ ಆಯಿತಲ್ಲ, ಆ ಅಂಗಳ ಹೇಗಿತ್ತು ಎಂದು ಕೇಳಿದರೆ, "ಹದಿನಾಕು ಕಲ್ಲು, ಮೂಲ್ಯಾಗ ಒಂದು ಒಡಕಿತ್ತು" ಅನ್ನುವರು. ಅವತ್ತು ನನ್ನ ಮುಖ ನೋಡಿದ್ದರೋ ಇಲ್ಲವೋ, ನನಗೆ ಇಂದಿಗೂ ಖಾತ್ರಿ ಇಲ್ಲ.

ಗಂಡನ ಮನೆ ಸೇಡಂನಿಂದ ಒಂದು ಹರದಾರಿ ದೂರದ ಹಳ್ಳಿ. ನಮ್ಮ ಕಡೆಯ ಹಳೆ ಮನೆಗಳೆಲ್ಲ ಒಂದೇ ಥರ. ಮೊಳಕ್ಕಿಂತ ದಪ್ಪದ ಕಲ್ಲಿನ ಗೋಡೆ, ಬಗ್ಗಿ ಒಳಗೆ ಹೋಗುವ ಬಾಗಿಲು, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲಿ ಒಂದು ಬೆಳಕಿಂಡಿ. ಕಿಟಕಿ ಎಂಬುದು ಇಲ್ಲವೇ ಇಲ್ಲ. ಒಳಗೆ ಹೋದರೆ ಕಣ್ಣು ಹೊಂದಿಕೊಳ್ಳುವ ತನಕ ಯಾರ ಕಾಲು ಯಾರು ತುಳಿದರು ಗೊತ್ತಾಗುತ್ತಿರಲಿಲ್ಲ. ಅದರಲ್ಲಿ ನಾವು ಹದಿನಾಲ್ಕು ಜನ, ಒಂದು ಒಲೆ. ಅತ್ತೆ, ಇಬ್ಬರು ನೆಗೆಣ್ಣಿಯರು, ನಾನು. ಯಾರ ಮೇಲೂ ನನಗೆ ಸಿಟ್ಟಿರಲಿಲ್ಲ. ಬೇಳೆಗೆ ಉಪ್ಪು ನಾನೇ ಹಾಕಬೇಕು, ಅಷ್ಟೇ ನನ್ನ ಆಸೆ. ಆ ಮನೆಯಲ್ಲಿ ನಾಲ್ಕು ಕೈ ಉಪ್ಪು ಹಾಕುತ್ತಿದ್ದವು, ಇಲ್ಲದಿದ್ದರೆ ಇನ್ನೊಬ್ಬರು ಹಾಕಿದ್ದಾರೆ ಎಂದುಕೊಂಡು ಯಾರೂ ಹಾಕುತ್ತಿರಲಿಲ್ಲ.

ಒಂದು ಸಲ ಕೊಂಕಣದ ಸಮುದ್ರ ದಂಡೆಯಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬ ಮುಸಲ್ಮಾನ ಸಾಹುಕಾರರು ಶಹಾಬಾದಿಂದ ಫರಸಿ ತರಿಸಿಕೊಂಡರು, ಹಾಸುವವರನ್ನೂ ಕರೆಸಿಕೊಂಡರು. ನನ್ನ ಗಂಡ ದೀಪಾವಳಿ ಮುಗಿಸಿ ಹೋದವರು ಬೇಸಿಗೆಗೆ ಬಂದರು. ಬರುವಾಗ ಅರ್ಧ ಆಗಿದ್ದರು. ಅಲ್ಲಿ ಬರೀ ಅನ್ನವಂತೆ. "ಅನ್ನ ಉಣ್ಣೂದಂದ್ರ ಗಾಳಿ ಉಂಡಂಗ. ಎದ್ದು ನಿಂತ್ರ ಖಾಲಿ," ಅಂದರು. ಮರುವರ್ಷ ಉಳಿದ ಕೆಲಸಕ್ಕೆ ಹೋಗುವಾಗ, ರೊಟ್ಟಿ ಬಡಿಯಲು ನನ್ನನ್ನೂ ಕರೆದುಕೊಂಡು ಹೋದರು. ಎರಡು ಚೀಲ ಜೋಳದ ಹಿಟ್ಟು, ಒಂದು ಹಂಚು, ನಾನು. ನಮ್ಮ ಊರಿನ ಹೆಂಗಸರಲ್ಲಿ ಸಮುದ್ರ ನೋಡಿದವಳು ಆಗ ನಾನೊಬ್ಬಳೇ. ಅದಕ್ಕೆ ಕಾರಣ ರೊಟ್ಟಿ.

ಸೇಡಂನಲ್ಲಿ ನಿಜಾಮರ ರೈಲು ಹತ್ತಿ, ವಾಡಿಯಲ್ಲಿ ಇಳಿದು, ಮುಂಬೈಯ ದೊಡ್ಡ ರೈಲು ಹಿಡಿದು, ಅಲ್ಲಿಂದ ಹೊಗೆಯುಗುಳುವ ಆಗಬೋಟಿನಲ್ಲಿ ಒಂದು ಹಗಲು. ಸಮುದ್ರ ನೋಡಿ ಏನನ್ನಿಸಿತು ಎಂದು ಮೊಮ್ಮಕ್ಕಳು ಕೇಳುತ್ತಾರೆ. ಏನೂ ಅನ್ನಿಸಲಿಲ್ಲ. ಬೋಟಿನಲ್ಲಿ ಸೆರಗು ಬಾಯಿಗಿಟ್ಟು, ತಲೆ ಬಗ್ಗಿಸಿ ಕೂತಿದ್ದೆ. ಇಳಿದು ಎರಡು ದಿನ ಆದ ಮೇಲೆ ನೋಡಿದೆ. ಇಷ್ಟೊಂದು ನೀರು, ಒಂದು ಕೊಡವೂ ಕುಡಿಯಲು ಬರುವುದಿಲ್ಲವಲ್ಲ ಅನ್ನಿಸಿತು. ಗಾಳಿ ಮಾತ್ರ ಹಿಡಿಸಿತು. ಬೆಳಿಗ್ಗೆ ಬಿಸಿಲು ಏರುತ್ತಿದ್ದಂತೆ ನೀರಿನ ಮೇಲಿಂದ ಬರುತ್ತಿತ್ತು, ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಬೆವರು ಬರದೆ ಇದ್ದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಆ ಮನೆ ಕೆಂಪು ಚಿರೆಕಲ್ಲಿನದು. ಮೇಲೆ ಇಳಿಜಾರು ಮಾಡು, ಅದರ ಅಂಚು ಗೋಡೆಯಿಂದ ನಾಲ್ಕು ಮೊಳ ಹೊರಗೆ ಚಾಚಿಕೊಂಡಿತ್ತು. ಸಮುದ್ರದ ಕಡೆ ಉದ್ದನೆಯ ಪಡಸಾಲೆ, ಪಡಸಾಲೆಗೆ ಸಾಲಾಗಿ ನಾಲ್ಕು ಕಿಟಕಿ, ನಿಂತ ಮನುಷ್ಯ ದಾಟಿ ಹೋಗುವಷ್ಟು ದೊಡ್ಡವು. ಅಂಗಳದ ಗೋಡೆ ಮೊಣಕಾಲೆತ್ತರ. ಅದರಾಚೆ ತೆಂಗು, ತೆಂಗಿನಾಚೆ ಮರಳು, ಮರಳಿನಾಚೆ ನೀರು. ಕಿಟಕಿಯಲ್ಲಿ ಕೂತರೆ ಮನೆ ಎಲ್ಲಿ ಮುಗಿಯಿತು, ದಂಡೆ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ.

ಸಾಹುಕಾರರು ಮುಂಬೈಯಲ್ಲಿ ಇರುತ್ತಿದ್ದರು. ಮನೆ ಕಟ್ಟಿಸುತ್ತಿದ್ದವಳು ಅವರ ತಾಯಿ. ಹಲ್ಲಿಲ್ಲದ ಮುದುಕಿ, ಕೈಯಲ್ಲಿ ಒಂದು ಕೋಲು. ಅವಳ ಮಾತೇ ಬೇರೆ, ಆದರೆ ನಮ್ಮ ಕಡೆಯ ಸಾಬರ ಮಾತು ನನಗೆ ಬರುತ್ತಿತ್ತು, ಕೈಸನ್ನೆ ಸೇರಿಸಿಕೊಂಡು ಇಬ್ಬರೂ ನಡೆಸಿದೆವು. ಅವಳು ನನ್ನ ಗಂಡನನ್ನು ಒಂದು ನಿಮಿಷ ಬಿಡುತ್ತಿರಲಿಲ್ಲ. ಪಡಸಾಲೆಯ ಫರಸಿಯನ್ನು ಇವರು ನಯವಾಗಿ ಉಜ್ಜಿ, ನೀರು ಹಾಕಿದರೆ ನಿಲ್ಲುವಷ್ಟು ಸಮ ಮಾಡಿ ಹಾಸಿದ್ದರು. ನಮ್ಮ ಕಡೆ ಅದೇ ಹೆಚ್ಚಿನ ಕೆಲಸಗಾರಿಕೆ. ಮುದುಕಿ ಒಂದು ತಂಬಿಗೆ ನೀರು ಸುರಿದಳು. ನೀರು ಸುರಿದಲ್ಲೇ ನಿಂತಿತು. ಇವರು ಮೀಸೆ ತಿರುವಿದರು. ಮುದುಕಿ ಕೋಲಿನಿಂದ ಕಲ್ಲು ಕುಟ್ಟಿ, "ಎಲ್ಲ ಕೀಳು," ಅಂದಳು.

"ಯಾಕವ್ವಾ? ಕೂದಲೆಳಿಯಷ್ಟೂ ಓರೆ ಇಲ್ಲ ನೋಡ್ರಿ!"

"ಅದೇ ತಪ್ಪು. ಇಲ್ಲಿ ಮಳೆ ಮೇಲಿಂದ ಬರುವುದಿಲ್ಲ, ಅಡ್ಡ ಬರುತ್ತದೆ. ಈ ನೀರು ನನ್ನ ಮೊಮ್ಮಗನ ಕಾಲಡಿ ನಿಲ್ಲಬೇಕಾ? ಸಮುದ್ರದ ಕಡೆ ಇಳಿಜಾರು ಕೊಡು. ಕಲ್ಲಿನ ಒರಟು ಮಗ್ಗುಲು ಮೇಲೆ ಮಾಡು, ಒದ್ದೆ ಕಾಲು ಜಾರಬಾರದು."

ಇವರು ಗೊಣಗುತ್ತ ಎಲ್ಲ ಕಿತ್ತು ಮತ್ತೆ ಹಾಸಿದರು. ಹಾಸಿದ ಮೇಲೆ ನಮ್ಮ ಕಲ್ಲು ಆ ಮನೆಯಲ್ಲೇ ಹುಟ್ಟಿದಂತೆ ಕಂಡಿತು. ಉಪ್ಪುಗಾಳಿ ತಾಗಿದ ಕೆಂಪು ಗೋಡೆಯ ಬುಡದಲ್ಲಿ ಬೂದು ಬಣ್ಣದ ನೆಲ, ಬರಿಗಾಲಿಗೆ ತಣ್ಣಗೆ. ಮುದುಕಿ ಚಪ್ಪಲಿ ಬಿಟ್ಟು ಅದರ ಮೇಲೆ ಒಂದು ಸುತ್ತು ನಡೆದು, ಒಳಗೆ ಹೋಗಿ, ನಮಗೆ ಒಂದು ತಟ್ಟೆ ಹಲಸಿನ ಹಪ್ಪಳ ಕಳಿಸಿದಳು. ಅದೇ ಶಾಭಾಷಗಿರಿ.

ಒಂದು ಸಂಜೆ ನಾನು ಅವಳ ಕಿಟಕಿಯಲ್ಲಿ ಕೂತಿದ್ದೆ. "ನಿಮ್ಮದು ಪುಣ್ಯದ ಮನಿ. ಇಂಥದ್ದೊಂದು ನಮಗೂ ಬೇಕು," ಅಂದೆ.

ಅವಳು ನಕ್ಕು ಕೇಳಿದಳು: "ನಿಮ್ಮ ಮನೆ ಮುಂದೆ ಏನಿದೆ ಬೇಟಿ?"

"ಹೊಳಿ ಅದ್ರಿ."

"ಬೇಸಿಗೆಯಲ್ಲಿ?"

ನಾನು ಮಾತು ಬೇರೆ ಕಡೆ ತಿರುಗಿಸಿದೆ. ಬೇಸಿಗೆಯಲ್ಲಿ ಕಾಗಿಣಾದಲ್ಲಿ ಒಂದು ಮಡುವು ಬಿಟ್ಟರೆ ನೀರು ಇರುವುದಿಲ್ಲ ಎಂದು ಹೇಳಲು ನಾಚಿಕೆ ಬಂತು. ನಾಚದೆ ಹೇಳಿದ್ದರೆ ಅವಳು ಉಳಿದದ್ದನ್ನೂ ಹೇಳುತ್ತಿದ್ದಳೇನೋ. ಊರಿನ ಮಾನ ಉಳಿಸಲು ಹೋಗಿ ಮನೆ ಕೆಡಿಸಿಕೊಂಡೆ.

ಊರಿಗೆ ಬಂದ ಮೇಲೆ ಇವರ ಬಾಯಲ್ಲಿ ಒಂದೇ ಮಾತು: ಅಂಥದೇ ಮನೆ ಕಟ್ಟುವುದು. ಹೊಳೆಯ ದಂಡೆಗೆ ನಮ್ಮದೊಂದು ಬಿತ್ತದೆ ಪಡ ಬಿದ್ದ ಹೊಲದ ತುಂಡು ಇತ್ತು. ಹೊಳೆ ಅದರ ಪಡುವಣಕ್ಕೆ ಹರಿಯುತ್ತದೆ, ಸಮುದ್ರವೂ ಅಲ್ಲಿ ಪಡುವಣಕ್ಕೇ ಇತ್ತು. ಇನ್ನೇನು ಬೇಕು? ಕಲ್ಲು ಮತ್ತು ತೊಲೆ ಅತ್ತೆಯ ವಶದಲ್ಲಿದ್ದವು. ಮಾವ ಬದುಕಿದ್ದಾಗ ಕೂಡಿಸಿಟ್ಟಿದ್ದು, ಹಿತ್ತಲಲ್ಲಿ ಒಟ್ಟಿತ್ತು. ಅತ್ತೆ ಅದನ್ನು ಸಣ್ಣ ಮೈದುನನಿಗೆ ಒಂದು ಖೋಲಿ ಕಟ್ಟಲು ಎಂದು ಎತ್ತಿಟ್ಟಿದ್ದರು. ಇವರು ಒಂದು ವಾರ ಬೆನ್ನು ಬಿದ್ದರು. ಕೊನೆಗೆ ಅತ್ತೆ ಕಟ್ಟೆ ಮೇಲೆ ಕೂತು, ನಾಲ್ಕು ಜನರ ಎದುರಿಗೆ ಹೇಳಿದರು:

"ಒಯ್ಯಿ. ಖರೆ ಒಂದು ಮಾತು. ಒಂದು ಬ್ಯಾಸಗಿ ಆ ಮನ್ಯಾಗ ಇದ್ದು ತೋರಸ್ರಿ. ಮೃಗದ ಮಳಿ ಬೀಳೂತನಕ ನಿಂತ್ರ ಮನಿ ನಿಮ್ಮದು, ಒಲಿ ನಿಮ್ಮದು. ನಡುವ ಎದ್ದು ಬಂದ್ರ ಕಲ್ಲು, ತೊಲಿ ಎಲ್ಲಾ ಕಿತ್ತು ತಂದು ಸಣ್ಣಾವಗ ಖೋಲಿ ಕಟ್ಟೂದು. ಆಮ್ಯಾಲ ಇಕಿ ಬ್ಯಾರೆ ಒಲಿ ಮಾತು ಎತ್ತಬಾರದು."

'ಇಕಿ' ಅಂದರೆ ನಾನು. ನಾನು ಆ ಮಾತನ್ನು ಎಂದೂ ಬಾಯಿ ಬಿಟ್ಟು ಆಡಿರಲಿಲ್ಲ. ಅತ್ತೆಗೆ ಹೇಗೆ ಗೊತ್ತಾಯಿತೋ! ಬಹುಶಃ ಅವರೂ ಒಂದು ಕಾಲಕ್ಕೆ ಅದನ್ನೇ ಬಯಸಿದ್ದರು.

ಮನೆ ಕಟ್ಟುವಾಗ ಊರಿಗೆ ಹಬ್ಬ. ಬಂದವರೆಲ್ಲ ಒಂದೊಂದು ಮಾತು ಎಸೆದು ಹೋಗುವರು. "ಏನಪಾ, ಹಡಗ ಯಾವತ್ತ ಬರ್ತದ?" "ಮೀನಿನ ಬಲಿ ಎಲ್ಲಿ ಒಣ ಹಾಕ್ತೀರಿ?" ಹಳೆ ಮನೆಯ ಎದುರಿಗಿದ್ದ ಮುದುಕಿಯೊಬ್ಬಳು ಆ ಕಿಟಕಿಯ ಬಾಯಿ ನೋಡಿ, "ಯವ್ವಾ, ಇದು ಕಿಡಕೀನೋ, ಗೋಡಿ ಕಟ್ಟೂದು ಮರ್ತೀರೋ?" ಅಂದಳು. ಇವರಿಗೆ ಸಿಟ್ಟು ಬರಲಿಲ್ಲ. ಕಲ್ಲು ಎಣಿಸುವುದರಲ್ಲೇ ಇದ್ದರು. ಪಡಸಾಲೆ ಇಪ್ಪತ್ತೆರಡು ಕಲ್ಲು, ಅಲ್ಲೂ ಇಪ್ಪತ್ತೆರಡು. ಕಿಟಕಿಯಿಂದ ಕಿಟಕಿಗೆ ಮೂರು ಕಲ್ಲು, ಅಲ್ಲೂ ಮೂರು. ಮಾಡು ಇಳಿಜಾರು, ಹೊಳೆಯ ಕಡೆಗೆ. ಹಂಚು ಸಿಗಲಿಲ್ಲವೆಂದು ತೆಳು ಫರಸಿಯನ್ನೇ ಹೊದಿಸಿದರು. ಮೇಲೆ ಮಣ್ಣು ಹಾಕಲಿಲ್ಲ. "ಅಲ್ಲಿ ಯಾರೂ ಮಾಡಿನ ಮ್ಯಾಲ ಮಣ್ಣು ಹಾಕಂಗಿಲ್ಲ," ಅಂದರು. ನಾನೂ ಅಲ್ಲಿಗೆ ಹೋಗಿ ಬಂದವಳಲ್ಲವೆ, "ಹೌದು, ಹಾಕಂಗಿಲ್ಲ," ಎಂದೆ.

ಸಂಕ್ರಾಂತಿಗೆ ಒಲೆ ಹೂಡಿದೆವು. ಆ ಎರಡು ತಿಂಗಳು ನಾನು ಮಹಾರಾಣಿ. ಹೊಳೆ ಇನ್ನೂ ಹರಿಯುತ್ತಿತ್ತು, ಬಿಳಿ ಹಾಸುಗಲ್ಲಿನ ಮೇಲೆ ತೆಳ್ಳಗೆ. ಕಿಟಕಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರೆ ಕೊಕ್ಕರೆಗಳು ಒಂದೊಂದೇ ಹೆಜ್ಜೆ ಇಟ್ಟು ನಡೆಯುವುದು ಕಾಣುತ್ತಿತ್ತು. ಬಟ್ಟೆ ಒಗೆಯಲು ಬಂದ ಹೆಂಗಸರು ಕೆಳಗಿನಿಂದಲೇ ಕೂಗುವರು: "ಏನ ಮಾಡೀಯೇ ಇವತ್ತ?" "ಬ್ಯಾಳಿ!" "ಉಪ್ಪು ಸಾಕಷ್ಟ್ ಆಗ್ಯಾದೇನು?" "ಬರ್ರಿ, ನೀವೇ ನೋಡ್ರಿ!" ಬಂದು ನೋಡುವರು. ಕಿಟಕಿಯ ಕಟ್ಟೆಗೆ ಜಗಳ ಆಡಿ ಕೂರುವರು. ಗಡಿಯಾರ ಇಲ್ಲದ ಊರಲ್ಲಿ ನಮ್ಮ ಮನೆಗೆ ಬರುವ ಹೊತ್ತೇ ಅವರಿಗೆ ಮಧ್ಯಾಹ್ನ. ಗೋಡೆ ಕಟ್ಟುವುದು ಮರೆತಿದ್ದೀರಾ ಎಂದಿದ್ದ ಮುದುಕಿ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದಳು.

ಶಿವರಾತ್ರಿ ಕಳೆಯಿತು, ಹೊಳೆ ಮಡುವಿಗೆ ಇಳಿಯಿತು. ಯುಗಾದಿ ಕಳೆಯಿತು, ಹಾಸುಗಲ್ಲು ಒಣಗಿ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಮಧ್ಯಾಹ್ನ ಸೂರ್ಯ ಹೊಳೆಯ ಕಡೆಗೆ ವಾಲುತ್ತಲೇ ಕಲ್ಲಿನ ಝಳ ನಾಲ್ಕೂ ಕಿಟಕಿಯಿಂದ ಒಮ್ಮೆಗೇ ಒಳಗೆ ಬರುತ್ತಿತ್ತು. ಅದರ ಹಿಂದೆಯೇ ಪಡುಗಾಳಿ. ತಣ್ಣನೆಯದಲ್ಲ, ಒಲೆಯ ಬಾಯಿ ಊದಿದಂಥದ್ದು. ರೊಟ್ಟಿಯ ಮೇಲೆ ಉಸುಕು, ಮಜ್ಜಿಗೆಯಲ್ಲಿ ಉಸುಕು, ಕಣ್ಣಲ್ಲಿ ಉಸುಕು. ಒಲೆಯ ಬೂದಿ ಎದ್ದು ಮನೆಯೆಲ್ಲ ತಿರುಗುವುದು. ಮೇಲಿನ ಫರಸಿ ಎಷ್ಟು ಕಾಯುತ್ತಿತ್ತು ಎಂದರೆ, ಒಂದು ದಿನ ಸಿಟ್ಟಿನಲ್ಲಿ ನಾನು ಹಪ್ಪಳ ಒಣಗಿಸಲು ಮಾಡಿನ ಮೇಲೆ ಹಾಕಿ, ಇಳಿಸುವಾಗ ಸುಟ್ಟ ಹಪ್ಪಳ ಇಳಿಸಿದೆ. ಬಟ್ಟೆ ಒಗೆಯುವ ಹೆಂಗಸರು ಬರುವುದು ಬಿಟ್ಟರು. ಕಿಟಕಿಯ ಕೆಳಗೆ ನೀರೇ ಇಲ್ಲವಲ್ಲ, ಬಟ್ಟೆ ಎಲ್ಲಿಂದ?

ಕಿಟಕಿಗೆ ಒದ್ದೆ ಗೋಣಿ ಕಟ್ಟಿ ನೋಡಿದೆ, ಗಾಳಿ ಹರಿದೊಯ್ದಿತು. ಚಾಪೆ ಕಟ್ಟಿದೆ, ಅದೂ ಹೋಯಿತು. ಮಾಳಿಗೆಯ ಹಳೆ ಮನೆ ಹಗಲಿಗೆ ಹೇಗೆ ತಣ್ಣಗಿರುತ್ತಿತ್ತು ಎಂಬುದು ದಿನಕ್ಕೆ ಹತ್ತು ಸಲ ನೆನಪಾಗುತ್ತಿತ್ತು. ಒಂದು ಸಲವೂ ಬಾಯಲ್ಲಿ ಆಡಲಿಲ್ಲ. ಮೃಗಶಿರಾ ಮಳೆಗೆ ಇನ್ನೂ ಐವತ್ತು ದಿನ ಇದ್ದವು. ಬೆಳಿಗ್ಗೆ ಎದ್ದವಳೇ ಗೋಡೆಗೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದೆ. ಒಲೆ ಇನ್ನೂ ನನ್ನದು, ಇವತ್ತೂ ನನ್ನದು.

ಒಂದು ಮಧ್ಯಾಹ್ನ, ಬಿಸಿಲು ನೆತ್ತಿ ದಾಟಿ ಇಳಿಯುವ ಹೊತ್ತಿಗೆ ಅತ್ತೆ ಬಂದರು. ಬೇಕಂತಲೇ ಆ ಹೊತ್ತು ಆರಿಸಿದ್ದರು. ತಲೆ ಮೇಲೆ ಒಂದು ಬುಟ್ಟಿ ಜೋಳ, ಕೈಯಲ್ಲಿ ಕಾಳು ಕೇರುವ ಬಿದಿರಿನ ಮರ. ನಡುವಿನ ಖೋಲಿಯಲ್ಲಿ ಕಾಲು ಚಾಚಿ ಕೂತರು.

"ಹಸನ ಮಾಡೂದಿತ್ತು. ಅಲ್ಲಿ ಕತ್ತಲಿ. ಇಲ್ಲಿ ಬೆಳಕು ಭಾಳ ಅದಲ್ಲ, ಅದಕ್ಕ ಬಂದೆ," ಅಂದರು.

"ಕುಂದ್ರಿ ಅತ್ತಿ. ನೀರು ಕೊಡ್ಲಾ?"

"ಕೊಡು. ನಿಮ್ಮ ಸಮುದ್ರದಾಗಿಂದ ಕೊಡಬ್ಯಾಡ, ಹರವ್ಯಾಗಿಂದ ಕೊಡು."

ಮಣ್ಣಿನ ಹರವಿಯ ನೀರು ಕುಡಿದರು. ಅಂಗೈಯನ್ನು ಗೋಡೆಗೆ ಇಟ್ಟು ತೆಗೆದರು. ಮರ ಎತ್ತಿ ಕೇರಲು ಶುರು ಮಾಡಿದರು. ಜೋಳ ಮರದಲ್ಲಿ ಉಳಿದು ಹೊಟ್ಟು ಮೇಲೆದ್ದಿತು. ಆಗ ಪಡುಗಾಳಿ ಬೀಸಿತು. ಹೊಟ್ಟೆಲ್ಲ ಖೋಲಿಯ ಒಳಗೆ ಹೋಗಿ, ಎದುರಿನ ಗೋಡೆಗೆ ಬಡಿದು, ಮೇಲೆದ್ದು, ಸುತ್ತು ಹಾಕಿ, ತಿರುಗಿ ಬಂದು ಅತ್ತೆಯ ತಲೆಯ ಮೇಲೆಯೇ ಬಿತ್ತು. ಇನ್ನೊಮ್ಮೆ ಕೇರಿದರು. ಇನ್ನೊಮ್ಮೆ ಅದೇ. ಮೂರನೆಯ ಸಲಕ್ಕೆ ಹೊಟ್ಟು ನನ್ನ ಕಲಸಿದ ಹಿಟ್ಟಿನಲ್ಲೂ, ಅವರ ಹುಬ್ಬಿನ ಮೇಲೂ ಇತ್ತು. ಅತ್ತೆ ನಗಲಿಲ್ಲ. ಮರ ಕೆಳಗಿಟ್ಟರು.

"ನಾಳಿ ಮುಂಜಾನಿ ಗಾಡಿ ಕಳಸ್ತೀನಿ. ಸಾಮಾನು ಕಟ್ಟಿಡು. ನಿನ್ನ ಮ್ಯಾಲೇನು ನನಗ ಸಿಟ್ಟಿಲ್ಲ ಹುಡುಗಿ. ಇಲ್ಲಿದ್ರ ನೀ ಮೃಗ ಬರೂದ್ರಾಗ ಸಂಡಿಗಿ ಆಗ್ತಿ."

"ಇನ್ನಾ ದಿನ ಅವ ಅತ್ತಿ."

"ದಿನ ಅವ. ನಿನ್ನ ಮೈಯಾಗ ಏನದ? ಕನ್ನಡಿ ನೋಡ್ಕೊ. ಗಾಡಿ ಬರ್ತದ."

ಬುಟ್ಟಿ ಹೊತ್ತು ನಡೆದೇಬಿಟ್ಟರು. ಮರ ಮರೆತು ಹೋದರು, ಇಲ್ಲವೆ ಬಿಟ್ಟು ಹೋದರು. ಅದು ಎಂದೂ ತೀರ್ಮಾನ ಆಗಲಿಲ್ಲ.

ನಾನು ಹೊಟ್ಟು ಗುಡಿಸಲು ಕೂತೆ. ಗುಡಿಸುತ್ತ ತವರಿನ ಕಣ ನೆನಪಾಯಿತು. ಕುರಕುಂಟಾದಲ್ಲಿ ರಾಶಿ ತೂರುವಾಗ ಅಪ್ಪ ಮೂರು ಕಾಲಿನ ಎತ್ತರದ ಮಣೆ ಮೇಲೆ ನಿಲ್ಲುತ್ತಿದ್ದ, ನಾನು ಕೆಳಗಿನಿಂದ ಬುಟ್ಟಿ ತುಂಬಿ ಕೊಡುತ್ತಿದ್ದೆ. ಅಪ್ಪ ಗಾಳಿ ನೋಡದೆ ಒಂದು ಬುಟ್ಟಿಯನ್ನೂ ಸುರಿಯುತ್ತಿರಲಿಲ್ಲ. ಒಂದು ಹಿಡಿ ಹೊಟ್ಟು ಬಿಟ್ಟು ನೋಡುವನು, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು. ಬೇಲಿಯೋ ಬಣವೆಯೋ ಎದುರಿಗಿದ್ದರೆ ಗಾಳಿ ತಿರುಗಿ ಬಂದು ಹೊಟ್ಟನ್ನು ರಾಶಿಯ ಮೇಲೆ ಸುರಿಯುತ್ತದೆ ಎಂದು ಕಣವನ್ನೇ ಬಯಲಿಗೆ ಮಾಡುತ್ತಿದ್ದ. ಏಳು ವರ್ಷದ ಹುಡುಗಿಗೆ ಗೊತ್ತಿದ್ದ ಮಾತು ನನಗೆ ಮನೆ ಕಟ್ಟುವಾಗ ಗೊತ್ತಿರಲಿಲ್ಲವೆ? ಗೊತ್ತಿತ್ತು. ಕಣಕ್ಕೆ ಬೇರೆ ಬುದ್ಧಿ, ಮನೆಗೆ ಬೇರೆ ಬುದ್ಧಿ ಎಂದುಕೊಂಡಿದ್ದೆ.

ಗುಡಿಸಿದ ಹೊಟ್ಟನ್ನು ಮರದಲ್ಲಿ ತುಂಬಿಕೊಂಡು ಎದ್ದೆ. ಒಂದೊಂದು ಕಿಟಕಿಯ ಎದುರಿಗೆ ನಿಂತು ಒಂದೊಂದು ಹಿಡಿ ಬಿಟ್ಟೆ. ನಾಲ್ಕರಲ್ಲೂ ಗಾಳಿ ಒಳಗೆ ಬರುತ್ತಿತ್ತು, ಒಂದು ಕಡೆಯಿಂದಲೂ ಹೊರಗೆ ಹೋಗುತ್ತಿರಲಿಲ್ಲ. ಮೂಡಣ ಗೋಡೆ ಪೂರ್ತಿ ಕುರುಡು. ಸೂರ್ಯ ಮುಳುಗುವ ಹೊತ್ತಿಗೆ ಮತ್ತೆ ಬಿಟ್ಟೆ. ಗಾಳಿ ಅದೇ ಪಡುವಣದ್ದು, ಆದರೆ ಈಗ ತಣ್ಣಗಿತ್ತು. ಅಂದರೆ ಕಿಟಕಿ ಪೂರ್ತಿ ತಪ್ಪಲ್ಲ, ಹೊತ್ತು ತಪ್ಪು.

ಇವರು ಚಿತ್ತಾಪುರದಲ್ಲಿ ಒಂದು ಕೆಲಸ ಮುಗಿಸಿ ಅದೇ ಹೊತ್ತಿಗೆ ಬಂದರು. ಹೆಂಡತಿ ಕಿಟಕಿಗೆ ಹೊಟ್ಟು ತೂರುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತರು.

"ಏ, ಏನಾಗ್ಯಾದ ನಿನಗ?"

"ನನಗೇನಾಗಿಲ್ಲ. ನಾಳಿ ಮುಂಜಾನಿ ಗಾಡಿ ಬರ್ತದ. ನಿಮ್ಮವ್ವ ಬಂದಿದ್ರು."

ಇವರು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ತಲೆಯ ರುಮಾಲು ತೆಗೆದು ಮೊಣಕಾಲ ಮೇಲಿಟ್ಟು, "ಕಲ್ಲಿನ ಲೆಕ್ಕ ತಪ್ಪಿಲ್ಲ," ಅಂದರು. "ಒಂದೂ ತಪ್ಪಿಲ್ಲ. ಅಲ್ಲಿ ಇದ್ದಂಗೇ ಅದ."

"ಅಲ್ಲಿ ಆ ಕಿಡಕಿಗೆ ಕದ ಇದ್ದವೇನ್ರಿ?"

"ಕದ?" ಯೋಚಿಸಿದರು. "ನಾ ಇದ್ದಾಗ ಯಾವಾಗ್ಲೂ ತೆರದೇ ಇದ್ವು."

"ಅಂದ್ರ ಕದ ಇದ್ವು."

"ಇದ್ವು ಅನಸ್ತದ."

"ಹಿಂದಿನ ಗ್ವಾಡಿಗೆ ಕಿಡಕಿ ಇತ್ತೇನು?"

"ಅದು ನೋಡಿಲ್ಲ. ಹಿಂದಿನ ಖೋಲಿಗೆ ಫರಸಿ ಇರಲಿಲ್ಲ, ಸೆಗಣಿ ನೆಲ. ನಾ ಯಾಕ ಆ ಕಡಿ ಹೋಗ್ಲಿ?"

ನನಗೆ ನಗು ತಡೆಯಲಾಗಲಿಲ್ಲ. "ಎರಡು ವರ್ಷ ಸಮುದ್ರಕ್ಕ ಬೆನ್ನು ಹಾಕಿ, ನೆಲಕ್ಕ ಮಾರಿ ಮಾಡಿ ಕುಂತೀರಿ. ಮನಿ ಎದುರಿಗೇನದ, ಹಿಂದೇನದ, ಒಂದರೆ ಸಲ ತಲಿ ಎತ್ತಿ ನೋಡೀರೇನು?"

"ನೀ ನೋಡಿದ್ದಿಲ್ಲೇನು? ನೀ ಅಂತೂ ಕಿಡಕ್ಯಾಗೇ ಇರ್ತಿದ್ದಿ!"

ಅದು ನನಗೆ ಸರಿಯಾಗಿ ತಾಗಿತು. ಹಿಂದಿನ ಗೋಡೆಗೆ ಎರಡು ಕಿಟಕಿ ಇದ್ದವು. ನಾನು ನೋಡಿದ್ದೆ. ಸಂಜೆ ಆದ ಮೇಲೆ ಒಳನಾಡಿನ ಕಡೆಯ ತಂಪು ಅಲ್ಲಿಂದ ಬರುತ್ತಿತ್ತು. ಕದಗಳಿದ್ದವು, ಹಲಗೆ ಹಲಗೆಯಾಗಿ ಓರೆ ಕೂಡಿಸಿದ್ದವು. ನಾನು ಅದನ್ನೂ ನೋಡಿದ್ದೆ. ಮುದುಕಿಗೆ ತನ್ನ ಸಮುದ್ರ ಗೊತ್ತಿತ್ತು. ಯಾವ ಹೊತ್ತಿಗೆ ಏನು ಕಳಿಸುತ್ತದೆ ಎಂದು ತಿಳಿದು, ಅದಕ್ಕೆ ತಕ್ಕಂತೆ ತೆರೆದು, ತಕ್ಕಂತೆ ಮುಚ್ಚಿ, ಮಾಡು ಚಾಚಿ, ಗೋಡೆ ತಗ್ಗಿಸಿ ಮನೆ ಮಾಡಿದ್ದಳು. ನಮ್ಮ ಕಲ್ಲನ್ನೂ ಅದಕ್ಕೆ ಬಗ್ಗಿಸಿದ್ದಳು. ನಾವು ಅವಳ ಮನೆ ತಂದೆವು, ಅವಳ ಬುದ್ಧಿ ಅಲ್ಲೇ ಬಿಟ್ಟು ಬಂದೆವು. ನಮಗೆ ನಮ್ಮ ಹೊಳೆ ಗೊತ್ತಿರಲಿಲ್ಲವೆ? ಬೇಸಿಗೆಯಲ್ಲಿ ಅದು ಹೊಳೆಯಲ್ಲ, ಬಿಸಿಲಿಗೆ ಹಾಕಿದ ಫರಸಿ. ಫರಸಿ ಹಾಸುವವರಿಗೆ ಅದೊಂದು ಹೊಳೆಯಲಿಲ್ಲ.

"ನಾನೂ ನೋಡಿದ್ದೆ," ಅಂದೆ. "ಹೇಳಲಿಲ್ಲ. ನನಗ ಕಿಡಕಿ ಬೇಕಾಗಿತ್ತು, ಅದಕ್ಕ."

ಇವರು ರುಮಾಲು ಹೆಗಲಿಗೆ ಹಾಕಿಕೊಂಡು ಎದ್ದರು. ಇಬ್ಬರೂ ಪಡಸಾಲೆಗೆ ಬಂದು ಕೂತೆವು. ಪಡಸಾಲೆಯಲ್ಲಿ ಆ ಹೊತ್ತಿಗೆ ಗಾಳಿ ಹಿತವಾಗಿತ್ತು. ಮಡುವಿನ ನೀರು ಒಂದು ಕೈಯಗಲ ಕೆಂಪಗೆ ಕಂಡಿತು. ಮೂಲೆಯ ಒಂದು ಕಿಟಕಿಗೆ ಮಾತ್ರ ಆ ಮಡುವು ಕಾಣುತ್ತದೆ, ಉಳಿದ ಮೂರಕ್ಕೆ ಬರೀ ಬಿಳಿ ಕಲ್ಲು. ಇಷ್ಟು ದಿನ ಅದನ್ನೂ ಗಮನಿಸಿರಲಿಲ್ಲ.

"ಆ ಮೂಲಿ ಕಿಡಕಿ ಇರಲಿ. ಅದಕ್ಕೊಂದು ಕದ ಮಾಡಸ್ರಿ," ಅಂದೆ. "ಉಳದ ಮೂರೂ ಮುಚ್ಚಿಬಿಡೂಣು. ಹಿಂದಿನ ಗ್ವಾಡಿಗೆ ಮ್ಯಾಲ ಎರಡು ಬೆಳಕಿಂಡಿ ಒಡೀರಿ. ಮಾಡಿಗೆ ಮಣ್ಣು ಹಾಕೂದು, ನಮ್ಮ ಹಳಿ ಮನಿಗೆ ಹಾಕಿದಂಗ, ನೀರು ಇಳೀದ ಸವಳು ಮಣ್ಣು."

"ಇಳಜಾರಿಗೆ ಮಣ್ಣು ನಿಲ್ಲತದೇನು? ಮೊದಲ ಮಳಿಗೇ ಹೊಳಿಗಿ ಹೋಗ್ತದ."

"ಅಂಚಿಗೆ ಕಲ್ಲು ನಿಲ್ಲಸ್ರಿ, ನಿಲ್ಲತದ. ಒಂದು ಮೊಳ ಇಳಜಾರಿಗೆ ಮಣ್ಣು ಓಡಿ ಹೋಗೂದಾದ್ರ ನಿಮ್ಮ ಕೆಲಸಗಾರಿಕಿ ಎಲ್ಲಿ ಹೋಯ್ತು?"

ಇವರು ಬೆರಳಿನಿಂದ ನೆಲದ ಮೇಲೆ ಏನೋ ಬರೆದರು. ಎಣಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ, "ಅಂಚಿಗೆ ಇಪ್ಪತ್ತೆರಡು ಕಲ್ಲು ಬೇಕು," ಅಂದರು. "ಪಡಸಾಲಿದು ಕೀಳೂಣು?"

"ಪಡಸಾಲಿ ಮುಟ್ಟಬ್ಯಾಡ್ರಿ. ಅದೊಂದೇ ಇಲ್ಲಿಗೆ ಒಪ್ಪಿದ್ದು. ನಾ ಅಲ್ಲೇ ಕುಂದ್ರಾಕಿ. ಅಂಚಿಗೆ, ಕಿಡಕಿಗೆ ಹಾಕೂ ಕಲ್ಲು ಬ್ಯಾರೆ ತರ್ರಿ."

"ಮಣ್ಣು? ಅಷ್ಟು ಮಣ್ಣು ತಲಿ ಮ್ಯಾಲ ಹೊತ್ರ ಮೃಗ ಅಲ್ಲ, ದೀಪಾವಳಿ ಬರ್ತದ. ಗಾಡಿ ಬೇಕು. ಗಾಡಿ ಯವ್ವನ ಕೈಯಾಗ ಅದ."

"ಗಾಡಿ ಚಿಂತಿ ನಿಮಗ ಬ್ಯಾಡ," ಅಂದೆ.

ಅವತ್ತು ಬೇಳೆ ಮಾಡಿದೆ. ಉಪ್ಪು ಹಾಕಿದೆ. ಸ್ವಲ್ಪ ಹೆಚ್ಚೇ ಆಯಿತು. ಇವರು ಇನ್ನೊಂದು ರೊಟ್ಟಿ ಮುರಿದುಕೊಂಡು ಉಂಡರು.

ಮರುದಿನ ಬೆಳಿಗ್ಗೆ ಹೊಳೆಯ ಹಾಸುಗಲ್ಲು ಇನ್ನೂ ತಣ್ಣಗಿರುವಾಗಲೇ ಗಾಡಿ ಬಂತು. ಹೊಡೆದುಕೊಂಡು ಬಂದವನು ಸಣ್ಣ ಮೈದುನ, ಆ ಕಲ್ಲು ತೊಲೆ ಯಾರಿಗೆ ಬರಬೇಕಿತ್ತೋ ಅವನೇ. ಪಾಪ, ಮುಖ ತಗ್ಗಿಸಿಕೊಂಡಿದ್ದ. "ಅತ್ತಿಗಿ, ಸಾಮಾನೆಲ್ಲಿ ಅವ?" ಅಂದ. ನಾನು ಒಳಗೆ ಹೋಗಿ ಹಾರೆ ತಂದು ಗಾಡಿಗೆ ಹಾಕಿದೆ, ಸಲಿಕೆ ಹಾಕಿದೆ, ನಾಲ್ಕು ಬುಟ್ಟಿ ಹಾಕಿದೆ, ಅತ್ತೆ ಬಿಟ್ಟು ಹೋದ ಮರವನ್ನೂ ಹಾಕಿದೆ. ಇದ್ದಿಲು ತೆಗೆದು ಗೋಡೆಗೆ ಅವತ್ತಿನ ಗೀಟು ಎಳೆದೆ. ಆಮೇಲೆ ಸೀರೆ ಎತ್ತಿ ಕಟ್ಟಿ, ಗಾಡಿ ಹತ್ತಿ ಮೈದುನನ ಪಕ್ಕಕ್ಕೆ ಕೂತು, "ಮೊದಲು ಸವಳು ಭೂಮಿ ಕಡಿ ಹೊಡಿಯಪ್ಪಾ," ಅಂದೆ.